ಸೊಂಟದ ಮಟ್ಟದ ದೇವರುಗಳು

ಅಮೆರಿಕದ ಹರ್ನ್‌ಡನ್ನಿನ ಆ ಮನೆಯ ಬಗ್ಗೆ ನಮ್ಮ ಬಳಗದಲ್ಲಿ ಚಾಲ್ತಿಯಲ್ಲಿರುವ ಕಥೆ ಇದು: ನನ್ನ ತಮ್ಮನಿಗೆ ಅಟ್ಲಾಂಟಾದ ಕಡೆ ದೊಡ್ಡ ಹುದ್ದೆ ಸಿಕ್ಕಿತು, ಅವನು ಮನೆ ಮಾರಲು ಹೊರಟ, ಸಾಮಾನು ಕಟ್ಟಲು ನೆರವಾಗಲಿ ಎಂದು ಊರಿನಿಂದ ಕರೆಸಿಕೊಂಡ ಅಕ್ಕ, ಅಂದರೆ ನಾನು, ಇನ್‌ಸ್ಪೆಕ್ಷನ್ನಿನ ದಿನವೇ ರಂಪ ಎಬ್ಬಿಸಿ ಅವನ ಸಂಸಾರ ಒಡೆದೆ. ಹೀಗೆ ಹೇಳುವವರಲ್ಲಿ ಒಬ್ಬರೂ ಆ ವಾರ ಆ ಮನೆಯಲ್ಲಿರಲಿಲ್ಲ. ನಾನಿದ್ದೆ. ನಾಲ್ಕನೆಯ ಇಯತ್ತೆಯಿಂದ ಆಚೆಗೆ ನನಗೆ ಶಾಲೆಯಿಲ್ಲ. ಗಂಡ ತೀರಿಕೊಂಡ ಮೇಲೆ ಗದಗಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ, ಕೈಗೆ ಸಿಕ್ಕಿದ್ದನ್ನು ಓದುತ್ತ, ಇಂಗ್ಲಿಷನ್ನು ನಿಘಂಟಿನೊಡನೆ ಜಗಳವಾಡಿ ಕಲಿತವಳು. ಆ ಓದಿನಿಂದ ಗಟ್ಟಿಯಾಗಿ ಉಳಿದ ಅಭ್ಯಾಸ ಒಂದೇ. ಹೇಳುವವರು ಎಷ್ಟೇ ಮಂದಿಯಿರಲಿ, ನೋಡಿದವರು ಯಾರು ಎಂದು ಮೊದಲು ಕೇಳುತ್ತೇನೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ಆ ದೇಶದಲ್ಲಿ ಮನೆಯ ಬೆಲೆ ಕುದುರಿದ ಮೇಲೆಯೂ ವ್ಯವಹಾರ ಮುಗಿಯುವುದಿಲ್ಲ. ಕೊಳ್ಳುವವರು ಒಬ್ಬ ಇನ್‌ಸ್ಪೆಕ್ಟರನನ್ನು ಕಳಿಸುತ್ತಾರೆ. ಅವನು ಟಾರ್ಚು ಹಿಡಿದು ಅಟ್ಟ ಹತ್ತುತ್ತಾನೆ, ಬಚ್ಚಲಿನ ಕೆಳಗೆ ಬಗ್ಗುತ್ತಾನೆ, ಪ್ರತಿ ನಲ್ಲಿಯನ್ನೂ ಪ್ರತಿ ಕಿಟಕಿಯನ್ನೂ ತಿರುಗಿಸಿ ನೋಡುತ್ತಾನೆ. ಅವನು ಬರುವ ಮೊದಲು ಮಾರುವವರು ಮನೆಯನ್ನು ಅಣಿಗೊಳಿಸಬೇಕು. ತಮ್ಮ ಆಗಲೇ ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿ ಕೆಲಸಕ್ಕೆ ಸೇರಿದ್ದ. ಶುಕ್ರವಾರ ಸಂಜೆ ಬರುವವನಿದ್ದ. ಹಾಗಾಗಿ ಕೆಲಸ ನನ್ನ ಮತ್ತು ಅವನ ಹೆಂಡತಿಯ ಪಾಲಿಗೆ ಬಂತು.

ಮನೆ ಮಾರಿಸಿಕೊಡುವ ಏಜೆಂಟ್ ಮೈಸೂರಿನ ಮುಸ್ಲಿಂ ಮನೆತನದ ಹೆಣ್ಣುಮಗಳು. ಮಾತು ಚುರುಕು, ನಡಿಗೆ ಇನ್ನೂ ಚುರುಕು. ವಾರದ ಮೊದಲಲ್ಲಿ ಬಂದು ಕೋಣೆ ಕೋಣೆ ಸುತ್ತಿದಳು.

"ಆಂಟಿ, ಸ್ಯಾಟರ್ಡೇ ಇನ್‌ಸ್ಪೆಕ್ಷನ್. ಅಷ್ಟರಲ್ಲಿ ಈ ಪಿಕ್ಚರ್ಸ್ ಎಲ್ಲಾ ಇಳಿಸ್ಬಿಡಿ. ವಾಲ್ಸ್ ಕಾಣ್ಬೇಕು ಅವ್ರಿಗೆ."

"ದೇವರ ಪಟಾನೂ ಇಳಸಬೇಕೇನವಾ?" ಎಂದೆ.

"ನಮ್ಮನೆ ಸೇಲ್ ಮಾಡ್ದಾಗ ನಾನು ಕುರಾನಿನ ಆಯತ್ ಬರೆದಿರೋ ಫ್ರೇಮ್ ಇಳಿಸ್ದೆ ಅಂತ ನಮ್ಮತ್ತೆ ನನ್ನ ಹತ್ರ ಮಾತೇ ಬಿಟ್ಬಿಟ್ರು. ಸೇಲ್ ಕ್ಲೋಸ್ ಆದ್ಮೇಲೆ ಅವ್ರೇ ಸ್ವೀಟ್ ಹಂಚಿದ್ರು. ದೇವ್ರು ಬೇಜಾರು ಮಾಡ್ಕೊಳಲ್ಲ ಆಂಟಿ, ಅತ್ತೆ ಮಾಡ್ಕೋತಾರೆ ಅಷ್ಟೆ."

ನಗುತ್ತಲೇ ಅವಳು ಮೆಟ್ಟಿಲ ಬಳಿ ನಿಂತಳು. ಅಲ್ಲಿ ಒಂದು ಗಣಪತಿಯ ಪಟ ಮೊಣಕಾಲಿನ ಎತ್ತರದಲ್ಲಿ ತೂಗುತ್ತಿತ್ತು.

"ಇದ್ಯಾಕೆ ಇಷ್ಟು ಕೆಳಗೆ?"

"ಕುಂತು ಕೈ ಮುಗ್ಯಾಕ ಬರಲಿ ಅಂತ್ರಿ," ಎಂದಳು ತಮ್ಮನ ಹೆಂಡತಿ.

ಏಜೆಂಟಳ ನಗು ಅಲ್ಲಿಗೆ ನಿಂತಿತು. "ಓ," ಎಂದಷ್ಟೇ ಅಂದು ಮೇಲೆ ಹೋದಳು.

ಆ ಮನೆಯ ಭಕ್ತಿ ಪ್ರಸಿದ್ಧವಾಗಿತ್ತು. ಭಜನೆಗೆ ಬಂದವರೆಲ್ಲ ಗೋಡೆಗಳನ್ನು ನೋಡಿ, ಅಮೆರಿಕದಲ್ಲಿದ್ದೂ ಇಷ್ಟೊಂದು ದೇವರೇ ಎಂದು ಅವಳನ್ನು ಹೊಗಳಿ ಹೋಗುತ್ತಿದ್ದರು. ಆ ಹೊಗಳಿಕೆ ಗದಗಿನವರೆಗೂ ತಲುಪಿತ್ತು. ಬಂದ ದಿನವೇ ನನಗೆ ಅದರ ಮೇಲೆ ಸಂಶಯ ಹುಟ್ಟಿತು. ನಮ್ಮ ಕಡೆ ದೇವರನ್ನು ಸೊಂಟದ ಕೆಳಗೆ ಯಾರೂ ತೂಗುಹಾಕುವುದಿಲ್ಲ. ಕಾಲು ತಾಗುವ ಎತ್ತರದಲ್ಲಿ ದೇವರಿರಬಾರದೆಂಬುದು ಓದು ಬಾರದವರಿಗೂ ಗೊತ್ತು. ಲಿಂಗಪೂಜೆ ತಪ್ಪಿಸದ ಮನೆತನದ ಈ ಹುಡುಗಿಗೆ ಅದು ಗೊತ್ತಿಲ್ಲವೆಂದರೆ ನಾನು ಒಪ್ಪುವುದು ಹೇಗೆ? ಬಚ್ಚಲಿನ ಬಾಗಿಲ ಪಕ್ಕ ಹನುಮಪ್ಪನಿದ್ದ. ಒಂದು ಕಡೆ ಲಕ್ಷ್ಮಿ ಓರೆಯಾಗಿ, ಎರಡು ಸ್ವಿಚ್ಚುಗಳ ನಡುವೆ ಸಿಕ್ಕಿಕೊಂಡಿದ್ದಳು.

ಏಜೆಂಟ್ ಹೋದ ಮೇಲೆ ನಾನು ಗಣಪತಿಯನ್ನು ಇಳಿಸಿದೆ. ಪಟದ ಹಿಂದೆ ಗೋಡೆಯಿರಲಿಲ್ಲ. ಬೂಟಿನ ಮೂತಿಯಷ್ಟಗಲದ ತೂತಿತ್ತು. ಅಂಚಿನಲ್ಲಿ ಬಿಳಿಯ ಪುಡಿ; ಆ ದೇಶದಲ್ಲಿ ಒಳಗೋಡೆಯೆಂದರೆ ಪೊಳ್ಳಿನ ಮೇಲೆ ಹೊಡೆದ ಸುಣ್ಣದ ತೆಳು ಹಲಗೆ.

"ಅದು ಸೋಫಾ ಒಳಗ ತರೂವಾಗ ತಾಗಿದ್ರಿ, ಅಕ್ಕಾರ."

ಲಕ್ಷ್ಮಿಯನ್ನು ಇಳಿಸಿದೆ. ಅಲ್ಲಿಯೂ ತೂತು. ನನ್ನ ತಮ್ಮನ ಭುಜದ ಎತ್ತರಕ್ಕೆ, ನಾಲ್ಕು ಗೆಣ್ಣುಗಳ ಗುರುತಿನೊಡನೆ.

"ಇದು?"

"ಕಸ ಹೊಡಿಯೂ ವ್ಯಾಕ್ಯೂಮಿನ ಹಿಡಿಕಿ."

"ವ್ಯಾಕ್ಯೂಮು ಇಷ್ಟ ಎತ್ತರಕ್ಕ ಹಾರಿ ಬಂದಿತ್ತೇನು?"

ಅವಳು ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ಹನುಮಪ್ಪನ ಹಿಂದ ಐತಲ್ರಿ, ಅಲ್ಲೆ ಹಾರಿ ಬಂದಿತ್ತು. ಖರೇನ ಹಾರಿ ಬಂದಿತ್ತು. ನಾ ಬಗ್ಗಿದೆ."

ಆಮೇಲೆ ಅವಳು ಕಥೆ ಕಟ್ಟುವುದನ್ನು ಬಿಟ್ಟಳು. ಒಂದೊಂದು ದೇವರು ಇಳಿದಂತೆ ಒಂದೊಂದು ಸಂಜೆ ಹೊರಬಂತು. ಆಫೀಸಿನಿಂದ ಬರುವ ದಾರಿಯಲ್ಲಿ ಟ್ರಾಫಿಕ್ಕು ಹೆಚ್ಚಿದ್ದ ಸಂಜೆ. ಸಾರು ತಣ್ಣಗಿದ್ದ ಸಂಜೆ. ಬಾಗಿಲು ತೆರೆಯಲು ತಡವಾಯಿತೆಂದು ಬಾಗಿಲನ್ನೇ ಒದ್ದು, ಅದರ ಹಿಂದಿದ್ದ ಅವಳ ಪಕ್ಕೆಲುಬು ಬಿರುಕುಬಿಟ್ಟ ಸಂಜೆ. ಪ್ರತಿಸಲವೂ ಮರುದಿನ ಅವನೇ ಹೋಗಿ ಚೌಕಟ್ಟು ತರುತ್ತಿದ್ದ. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಿಂದ ದೇವರನ್ನು ಕತ್ತರಿಸಿ ಕೂರಿಸುವುದು ಅವಳ ಕೆಲಸ.

ನಮ್ಮ ಬಳಗದಲ್ಲಿ ತಮ್ಮನ ಬಗ್ಗೆ ಇನ್ನೊಂದು ಮಾತಿತ್ತು, ಅದನ್ನು ಮೆಚ್ಚುಗೆಯಾಗಿ ಹೇಳುತ್ತಿದ್ದರು: ಸಿಟ್ಟು ಬಂದರೆ ಗೋಡೆಗೆ ಗುದ್ದಿಕೊಳ್ಳುತ್ತಾನೆ, ಹೆಂಡತಿಯ ಮೈ ಮಾತ್ರ ಮುಟ್ಟಿದವನಲ್ಲ. ಆ ಮಾತು ಮುರಿದುಬಿದ್ದದ್ದು ಮೇಲ್ಮಹಡಿಯ ಕೋಣೆಗಳ ನಡುವಿನ ಓಣಿಯಲ್ಲಿ, ಮಲಗುವ ಕೋಣೆಯ ಎದುರು. ಅಲ್ಲಿ ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ವೆಂಕಟರಮಣನಿದ್ದ, ಎಲ್ಲರಿಗಿಂತ ದೊಡ್ಡವನು. ನನ್ನ ಗದ್ದಕ್ಕಿಂತ ಕೆಳಗೆ ತೂಗುತ್ತಿದ್ದ. ನಾವು ಅಕ್ಕತಮ್ಮ ಇಬ್ಬರೂ ಎತ್ತರದ ಆಳುಗಳು, ಅವಳು ಗಿಡ್ಡ. ಆ ಪಟದ ಹಿಂದಿನ ತೂತು ಮುಷ್ಟಿಯದಾಗಿರಲಿಲ್ಲ, ಬೂಟಿನದೂ ಆಗಿರಲಿಲ್ಲ. ಊಟದ ತಾಟಿನಂತೆ ದುಂಡಗೆ, ಒಳಕ್ಕೆ ಕುಸಿದಿತ್ತು. ಹರಿದ ಅಂಚನ್ನು ಸರಿಮಾಡಲೆಂದು ಚಾಕು ಹಾಕಿ ಗೋಡೆಯ ಹಾಳೆಯನ್ನು ಎಳೆದಾಗ ಅದರೊಡನೆ ಕೂದಲು ಬಂತು. ಉದ್ದನೆಯ ಕಪ್ಪು ಕೂದಲು, ಹಲವು ಎಳೆ, ಒಣಗಿದ ಕಂದು ಕಲೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದವು.

ಅವಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು.

"ಅಂಗಿ ಇಸ್ತ್ರಿ ಆಗಿದ್ದಿಲ್ರಿ. ಜಡಿ ಹಿಡದು ಬಡದ್ರು. ಮೊದಲನೇ ಸಲ ಗ್ವಾಡಿ ತಡೀತು. ಎರಡನೇ ಸಲಕ್ಕ ಒಳಗ ಹೋತು. ಇಲ್ಲಿ ಗ್ವಾಡಿ ಮೆತ್ತಗ ಇರತಾವ್ರಿ, ಅದಕ ಉಳದೀನಿ. ನಮ್ಮೂರಾಗ ಆಗಿದ್ರ ಕಲ್ಲಿನ ಗ್ವಾಡಿ."

ನಾನು ಆ ಕೂದಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ನನ್ನ ಅವ್ವನ ಬಲಗೈ ಮಣಿಕಟ್ಟು ಸೊಟ್ಟಗಿತ್ತು. ಬಾವಿಕಟ್ಟೆಯಲ್ಲಿ ಜಾರಿಬಿದ್ದಳು ಎಂದು ನಮಗೆ ಹೇಳಿದ್ದರು. ಅವ್ವನೂ ಹಾಗೆಯೇ ಹೇಳುತ್ತಿದ್ದಳು. ನಮ್ಮ ಬಾವಿಕಟ್ಟೆ ಉಳಿಪೆಟ್ಟಿನ ಒರಟು ಕಲ್ಲಿನದು; ಮಳೆಗಾಲದಲ್ಲಿಯೂ ಅದರ ಮೇಲೆ ಯಾರೂ ಜಾರಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಕೈಯಲ್ಲಿ ಒನಕೆ ಹಿಡಿದು ಅಡುಗೆಮನೆಯಿಂದ ಹೊರಬಂದದ್ದನ್ನು ಕಂಡಿದ್ದೆ. ತಮ್ಮ ಆಗ ತೊಟ್ಟಿಲಲ್ಲಿದ್ದ.

"ನೀ ಅಲ್ಫರೆಟಾಕ್ಕ ಹೋಗ್ತಿಯೇನು?" ಎಂದು ಕೇಳಿದೆ.

ಅವಳು ತಲೆಯಾಡಿಸಿದಳು, ಇಲ್ಲವೆಂದು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹರ್ನ್‌ಡನ್ನಿನಲ್ಲಿ ಅವಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸವಿತ್ತು. ಕಾರು ನಡೆಸಲು ಬರುತ್ತಿರಲಿಲ್ಲ, ಅವನು ಕಲಿಸಿರಲಿಲ್ಲ. ಹೊಸ ಮನೆಯ ಫೋಟೋ ಫ್ರಿಜ್ಜಿನ ಮೇಲೆ ಅಂಟಿಸಿತ್ತು: ಅಗಲವಾದ ಹುಲ್ಲು, ಇಟ್ಟಿಗೆಯ ಮುಖ, ಸುತ್ತ ಅಂಥವೇ ಮನೆಗಳು, ಹೆದ್ದಾರಿಯವರೆಗೆ ಕಾಲುದಾರಿಯಿಲ್ಲ. ಅಲ್ಲಿಗೆ ಹೋದರೆ ಅವಳ ಕೂಗು ಕೇಳಲು ಇಲ್ಲಿಯಂತೆ ಪಕ್ಕದ ಮನೆಗೆ ಅಂಟಿದ ಗೋಡೆಯೂ ಇರುವುದಿಲ್ಲ. ಹೊಸ ಮನೆಯಲ್ಲಿ ಎಲ್ಲ ಸರಿಹೋಗುತ್ತದೆ ಎಂಬುದು ಬಳಗದ ಮಾತು. ಮನೆ ಬದಲಾದರೆ ಕೈ ಬದಲಾಗುತ್ತದೆ ಎಂಬುದಕ್ಕೆ ನನಗೆ ಎಲ್ಲಿಯೂ ಆಧಾರ ಸಿಕ್ಕಿಲ್ಲ.

ತೂತು ಮುಚ್ಚುವ ವಿಧಾನವನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಉಚಿತವಾಗಿ ಕೊಡುವ ಹಾಳೆಯಿಂದ ಕಲಿತೆ. ಒಡೆದ ಜಾಗವನ್ನು ಚೌಕವಾಗಿ ಕತ್ತರಿಸಬೇಕು. ಒಳಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಬೇಕು. ಅದರ ಮೇಲೆ ಹೊಸ ತುಂಡು ಕೂರಿಸಿ, ಸಂದಿಗೆ ಟೇಪು ಅಂಟಿಸಿ, ಪುಟ್ಟಿ ಬಳಿದು, ಒಣಗಿಸಿ, ತಿಕ್ಕಿ, ಬಣ್ಣ ಹಚ್ಚಬೇಕು. ಮರದ ಪಟ್ಟಿ ಬೇಡ, ಬರೀ ಜಾಲರಿ ಸಾಕು ಎಂದು ಅಂಗಡಿಯವನು ಹೇಳಿದ. ಹಾಳೆಯಲ್ಲಿ ಪಟ್ಟಿಯೆಂದಿತ್ತು; ನಾನು ಪಟ್ಟಿಯನ್ನೇ ಕೊಂಡೆ. ದಪ್ಪನೆಯದನ್ನು. ಆ ಮನೆಯಲ್ಲಿ ಏಣಿ ಇರಲಿಲ್ಲ. ಅಡುಗೆಮನೆಯ ಕುರ್ಚಿಯ ಮೇಲೆ ನಿಂತು ಕೆಲಸ ಮಾಡಿದೆವು. ಮೊದಮೊದಲು ಅವಳು ಚಾಕುವನ್ನು ಗೋಡೆಯ ಮೇಲೆ ಸವರಿದಂತೆ ಎಳೆಯುತ್ತಿದ್ದಳು. ಎರಡನೆಯ ಗೋಡೆಗೆ ಬರುವಷ್ಟರಲ್ಲಿ ನನಗಿಂತ ಜೋರಾಗಿ ಸೀಳುತ್ತಿದ್ದಳು, ಹಲ್ಲು ಕಚ್ಚಿ, ಬೇಕಾದದ್ದಕ್ಕಿಂತ ಆಳವಾಗಿ.

ವೆಂಕಟರಮಣನ ಜಾಗವೊಂದು ಉಳಿಯಿತು.

"ಇದನ್ನ ಮಾಡಿದವನ ಮುಚ್ಚಲಿ," ಎಂದೆ. "ಆದರ ಪೆಟ್ಟು ಬೀಳೂದು ನಿನಗ. ನೀ ಮುಚ್ಚೂಣು ಅಂದ್ರ ಈಗ ಮುಚ್ಚತೀನಿ."

ಅವಳು ಪುಟ್ಟಿಯ ಡಬ್ಬಿಯನ್ನು ನೋಡುತ್ತ ಕುಳಿತಿದ್ದಳು. "ಇರಲಿ ಬಿಡ್ರಿ. ಅವರು ಅದನ್ನ ಹೆಂಗ ನೋಡತಾರ ಅಂತ ನಾನೂ ಒಮ್ಮೆ ನೋಡಬೇಕು."

ಶುಕ್ರವಾರ ಸಂಜೆ ತಮ್ಮ ಬಂದ. ಜಾರ್ಜಿಯಾದಿಂದ ಎರಡು ಕೆರೊಲಿನಾಗಳನ್ನು ದಾಟಿ ಇಡೀ ದಿನ ಕಾರು ಓಡಿಸಿದ್ದ. ಕೆಳಗಿನ ಗೋಡೆಗಳನ್ನು ಸವರಿ ನೋಡಿ ಸಂತೋಷಪಟ್ಟ.

"ಯಕ್ಕಾ, ನೀ ಗದಗಿನ್ಯಾಗ ಕುಂತು ಹಾಳಾದಿ. ಅಮೆರಿಕಾದಾಗ ಕಾಂಟ್ರ್ಯಾಕ್ಟರ್ ಆಗಬೇಕಿತ್ತು ನೋಡು."

ಅವನು ಚೆನ್ನಾಗಿಯೇ ಮಾತಾಡುತ್ತಾನೆ. ಅದನ್ನು ಬಚ್ಚಿಟ್ಟರೆ ನಾನೂ ಕಥೆ ಕಟ್ಟಿದಂತಾಗುತ್ತದೆ. ಕೈಕಾಲು ತೊಳೆದು ಮೇಜಿಗೆ ಬಂದ. ಅವಳು ಒಗ್ಗರಣೆಗೆ ಎಣ್ಣೆಯಿಟ್ಟಳು.

ಹೊಗೆ ಕಂಡರೆ ಕೂಗಿಕೊಳ್ಳುವ ಆ ಮನೆಯ ಹೊಗೆ ಗಂಟೆ ವರ್ಷಗಳಿಂದ ಅಡುಗೆಮನೆಯ ಖಾನೆಯೊಂದರಲ್ಲಿ, ಬಟ್ಟೆ ಸುತ್ತಿಕೊಂಡು ಮಲಗಿತ್ತು. ನಮ್ಮವರ ಬಹುತೇಕ ಮನೆಗಳಲ್ಲಿ ಅದರ ಜಾಗ ಅದೇ; ಸಾಸಿವೆ ಸಿಡಿಯುವುದಕ್ಕೂ ಮನೆ ಸುಡುವುದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಒತ್ತಿ ನೋಡುತ್ತಾನೆಂದು ಏಜೆಂಟ್ ಹೇಳಿದ್ದರಿಂದ ನಾನೇ ಅಂದು ಬೆಳಗ್ಗೆ ಬ್ಯಾಟರಿ ಹಾಕಿ ಚಾವಣಿಗೆ ಸಿಕ್ಕಿಸಿದ್ದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಅದು ಕಿರುಚತೊಡಗಿತು.

ತಮ್ಮ ಕುರ್ಚಿ ಉರುಳಿಸಿ ಎದ್ದ. ಒಂದೇ ನೆಗೆತಕ್ಕೆ ಅದನ್ನು ಚಾವಣಿಯಿಂದ ಕಿತ್ತ. ಅದರೊಡನೆ ಬಣ್ಣದ ಚಕ್ಕೆಯೂ ಬಂತು. ನೆಲಕ್ಕೆ ಬಡಿದ. ಅದು ಕಿರುಚುತ್ತಲೇ ಇತ್ತು. ಹಿಮ್ಮಡಿಯಿಂದ ಜಜ್ಜಿದ. ಸುಮ್ಮನಾದ ಮೇಲೆಯೂ, ಪ್ಲಾಸ್ಟಿಕ್ಕು ಚೂರಾಗಿ ಅವನ ಹಿಮ್ಮಡಿಯಲ್ಲಿ ರಕ್ತ ಬರುವ ತನಕ ಜಜ್ಜಿದ. ಆಮೇಲೆ ಒಲೆಯ ಮೇಲಿದ್ದ ಬಾಣಲೆಯನ್ನು ತೋಳಿನಿಂದ ಬೀಸಿ ಕೆಡವಿದ. ಕುದಿಯುವ ಎಣ್ಣೆ ಅವಳ ಪಾದದ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಬಿಲ ಸೇರುವ ಇಲಿಯಂತೆ ಮೆಟ್ಟಿಲು ಹತ್ತಿ ಬಚ್ಚಲಿನ ತಣ್ಣೀರಿಗೆ ಓಡಿದಳು. ಅವನು ಹಿಂದೆ ಹೋದ. ನಾನು ಅವನ ಹಿಂದೆ.

ಓಣಿಯಲ್ಲಿ ಅವನು ಗಕ್ಕನೆ ನಿಂತ. ಆ ತೂತು ಅವನೆದುರಿಗಿತ್ತು.

"ಇದನ್ನ ಯಾಕ ಬಿಟ್ಟೀರಿ?"

"ಅದು ನಿನ್ನ ಪಾಲಿಂದು, ತಮ್ಮಾ," ಎಂದೆ. "ಪುಟ್ಟಿ ಅಲ್ಲೇ ಐತಿ."

ಅವನು ತೂತನ್ನು ನೋಡಲೇ ಇಲ್ಲ. ಹೆಂಡತಿಯನ್ನು ನೋಡಿದ. "ಅಕ್ಕನ ಮುಂದ ಏನೇನ ಬೊಗಳೀಯ?" ಎಂದು ಕೈ ಚಾಚಿದ. ಆ ಕೈ ಅವಳ ಕೆನ್ನೆಗೆ ಹೋಗಲಿಲ್ಲ. ನೇರವಾಗಿ ಕತ್ತಿನ ಹಿಂದಕ್ಕೆ, ಜಡೆಯ ಬುಡಕ್ಕೆ ಹೋಯಿತು. ಆ ಕೈಗೆ ದಾರಿ ಗೊತ್ತಿತ್ತು. ನಾನು ಎರಡೂ ಕೈಗಳಿಂದ ಅವನ ತೋಳಿಗೆ ಜೋತುಬಿದ್ದೆ. ಅವನು ಕೊಡವಿದ. ನಾನು ಮೆಟ್ಟಿಲಿನ ಕಟಾಂಜನದ ಕಂಬಕ್ಕೆ ಹೋಗಿ ಬಿದ್ದೆ. ಬಲಗೈ ಮಣಿಕಟ್ಟಿನಲ್ಲಿ ಹಸಿ ಜೋಳದ ದಂಟು ಮುರಿದಂಥ ಸದ್ದಾಯಿತು.

ಅವನ ಸಿಟ್ಟು ಅಲ್ಲಿಗೇ ಇಳಿಯಿತು. ನನ್ನ ಪಕ್ಕದಲ್ಲಿ ಮಂಡಿಯೂರಿ ಅತ್ತ. ಐಸು ತಂದ, ಟವೆಲ್ಲಿನಲ್ಲಿ ಸುತ್ತಿದ, ನನ್ನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಅಳುತ್ತಲೇ ಹೇಳಿದ: "ಏಣಿಯಿಂದ ಬಿದ್ದೆ ಅಂತ ಹೇಳು ಯಕ್ಕಾ. ಬಣ್ಣ ಹಚ್ಚೂವಾಗ. ಇನ್‌ಸ್ಪೆಕ್ಷನ್ ಮುಗಿಸಿ ಡಾಕ್ಟರ್ ಕಡೆ ಹೋಗೂಣು." ಕಣ್ಣೀರೂ ಕಥೆಯೂ ಒಂದೇ ಉಸಿರಿನಲ್ಲಿ ಬಂದವು. ಅವ್ವನ ಬಾವಿಕಟ್ಟೆಯ ಕಥೆಯನ್ನೂ ಹೀಗೆಯೇ, ಯಾರೋ ಅಳುತ್ತಿರುವಾಗ ಕಟ್ಟಿದ್ದಿರಬೇಕು.

ಮಲಗುವ ಮೊದಲು ಅವನು ವೆಂಕಟರಮಣನನ್ನು ಹಳೆಯ ಮೊಳೆಗೇ ಮತ್ತೆ ತೂಗುಹಾಕಿದ.

ಬೆಳಗ್ಗೆ ಏಜೆಂಟ್, ಅವಳ ಹಿಂದೆ ಇನ್‌ಸ್ಪೆಕ್ಟರ್ ಬಂದರು. ದಪ್ಪ ಮೀಸೆಯ ಬಿಳಿಯ ಮುದುಕ. ಮಾರುವವರು ಹೊರಗಿದ್ದರೆ ಒಳ್ಳೆಯದೆಂದು ಏಜೆಂಟ್ ಮೊದಲೇ ಹೇಳಿದ್ದಳು, ತಮ್ಮ ಒಪ್ಪಿರಲಿಲ್ಲ. ಅಟ್ಟಕ್ಕೆ ಹತ್ತಲು ಮನೆಯಲ್ಲಿ ಏಣಿ ಇದೆಯೇ ಎಂದು ಮುದುಕ ಕೇಳಿದ. ಇಲ್ಲ, ನಾವು ಎಂದೂ ಏಣಿ ಇಟ್ಟವರಲ್ಲ ಎಂದು ತಮ್ಮ ಹೇಳಿದ. ಮುದುಕ ತನ್ನ ಟ್ರಕ್ಕಿನಿಂದ ಮಡಿಚುವ ಏಣಿಯನ್ನು ತಂದ. ನಲ್ಲಿ, ಹಂಡೆ, ಕಿಟಕಿಗಳನ್ನೆಲ್ಲ ನೋಡಿದ. ಹೊಗೆ ಗಂಟೆಯ ಜಾಗದಲ್ಲಿದ್ದ ಗಾಯವನ್ನು ನೋಡಿ ಏನನ್ನೋ ಬರೆದುಕೊಂಡ. ನನ್ನ ಕೈ ತಮ್ಮನ ಹೆಂಡತಿಯ ಹಳೆಯ ಓಢಣಿಯಲ್ಲಿ ಕೊರಳಿಗೆ ತೂಗುತ್ತಿತ್ತು. ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಏಜೆಂಟ್ ಅದನ್ನೂ, ಅವಳ ಪಾದದ ಬೊಬ್ಬೆಯನ್ನೂ ಕಂಡಳು.

ಓಣಿಗೆ ಬಂದಾಗ ಏಜೆಂಟ್ ನಿಂತಳು.

"ಇದೊಂದು ಉಳ್ಕೊಂಡ್ಬಿಟ್ಟಿದೆ," ಎಂದಳು.

"ಇರ್ಲಿ, ಲೀವ್ ಇಟ್," ಎಂದ ತಮ್ಮ.

"ಎಲ್ಲಾ ವಾಲ್ಸ್ ಕಾಣ್ಬೇಕು ಸರ್." ಅವಳು ಎರಡೂ ಕೈಗಳಿಂದ ಪಟವನ್ನು ಎತ್ತಿ ಇಳಿಸಿದಳು, ನೆಲಕ್ಕಿಡದೆ ಎದೆಗೆ ಒತ್ತಿ ಹಿಡಿದುಕೊಂಡಳು.

ಮುದುಕ ಟಾರ್ಚು ಬಿಟ್ಟು ತೂತನ್ನು ನೋಡಿದ. ಇದು ಹೇಗಾಯಿತು ಎಂದು ಕೇಳಿದ. ತಮ್ಮ ನಗುನಗುತ್ತ ಇಂಗ್ಲಿಷಿನಲ್ಲಿ ವಿವರಿಸಿದ: ನನ್ನ ಅಕ್ಕ ನಿನ್ನೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದಳು, ಕೈ ಉಳುಕಿತು, ತಲೆ ಗೋಡೆಗೆ ತಾಗಿತು. ಒಂದೇ ಕಥೆ ನನ್ನ ಕೈಯನ್ನೂ ಅವಳ ತಲೆಯನ್ನೂ ಮುಚ್ಚುವಂತಿತ್ತು. ಮುದುಕ ತನ್ನ ಏಣಿಯನ್ನು ನೋಡಿದ, ಆಮೇಲೆ ನನ್ನನ್ನು. ನಾನು ನಿಘಂಟಿನಿಂದ ಕಲಿತ ಪದಗಳನ್ನು ನಾಲಗೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಮ್ಮನ ಹೆಂಡತಿ ನಡೆದು ಬಂದಳು.

ಜಡೆಯನ್ನು ಎತ್ತಿ ಎದೆಯ ಮೇಲೆ ಹಾಕಿಕೊಂಡಳು. ಗೋಡೆಗೆ ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಅವಳ ತಲೆ ಆ ತೂತಿನೊಳಗೆ ಸರಿಯಾಗಿ ಕುಳಿತಿತು.

"ಇದು ನನ್ನ ತಲಿ," ಎಂದಳು.

ಏಜೆಂಟ್ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು, ಒಂದು ಪದವನ್ನೂ ಮೆತ್ತಗೆ ಮಾಡದೆ. ಆ ಮನೆಯ ಮಾರಾಟ ಅವಳ ಕೈಯಲ್ಲಿತ್ತು. ಅವಳು ಹಾಗೆ ಹೇಳಬೇಕಾಗಿರಲಿಲ್ಲ. ಮುದುಕ ಟಾರ್ಚನ್ನು ಆರಿಸಿ, ತನ್ನ ಏಣಿಯನ್ನು ತಮ್ಮನಿಗೂ ಅವನ ಹೆಂಡತಿಗೂ ನಡುವೆ ಅಡ್ಡಲಾಗಿ ಇಟ್ಟ.

ತಮ್ಮನ ಮುಖದಲ್ಲಿ ನಗು ಇನ್ನೂ ಉಳಿದಿತ್ತು. ಅದನ್ನು ತೆಗೆಯುವುದು ಹೇಗೆಂದು ತಿಳಿಯದವನಂತೆ ಪಕ್ಕಕ್ಕೆ ತಿರುಗಿ, ಅಲ್ಲಿದ್ದ ಗೋಡೆಗೆ ಪೂರ್ತಿ ಬಲದಿಂದ ಗುದ್ದಿದ. ಅದು ಕೋಣೆಯ ಬಾಗಿಲ ಪಕ್ಕದಲ್ಲಿ ನಾವು ಹೊಸದಾಗಿ ಮುಚ್ಚಿದ್ದ ಚೌಕ. ಪುಟ್ಟಿ ಸೀಳಿತು, ಹಲಗೆ ಸೀಳಿತು; ಅದರ ಹಿಂದೆ ನಾನು ಬಿಗಿದ ಮರದ ಪಟ್ಟಿಯಿತ್ತು. ಹಿಂದಿನ ಸಂಜೆ ಕಂಬದ ಬಳಿ ಕೇಳಿದ ಸದ್ದೇ ಮತ್ತೆ ಕೇಳಿಸಿತು, ಒಂದರ ಹಿಂದೊಂದು, ಹಲವು ಸಲ. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೆಲಕ್ಕೆ ಕುಸಿದ. ಬೆರಳುಗಳ ಬುಡದಿಂದ ರಕ್ತ ಹರಿದು ಹೊಸ ಬಣ್ಣದ ಮೇಲೆ ಇಳಿಯಿತು. ಅವನು ಕೂಗಿದ ಕೂಗು ಪಕ್ಕದ ಮನೆಯವರಿಗೂ ಕೇಳಿರಬೇಕು.

ಅವಳು ತೂತಿನಿಂದ ತಲೆ ತೆಗೆದು ಅವನನ್ನು ನೋಡುತ್ತ ನಿಂತಳು. ಬಗ್ಗಲಿಲ್ಲ.

"ಬನ್ನಿ," ಎಂದಳು ಏಜೆಂಟ್, "ನನ್ನ ಕಾರಲ್ಲಿ ಕೂತ್ಕೊಳ್ಳಿ. ಆಂಟಿ, ನೀವೂ ಬನ್ನಿ. ಮೊದ್ಲು ಹಾಸ್ಪಿಟಲ್ಲು."

ನಾವು ಇಳಿದು ಹೋದೆವು. ಆಸ್ಪತ್ರೆಯಲ್ಲಿ ನರ್ಸು ನನ್ನ ಕೈ ಹೇಗೆ ಮುರಿಯಿತೆಂದು ಕೇಳಿದಾಗ, ಜೋಡಿಸಿಟ್ಟುಕೊಂಡಿದ್ದ ಪದಗಳನ್ನು ಅವಳಿಗೆ ಹೇಳಿದೆ. ನನ್ನ ತಮ್ಮ ತಳ್ಳಿದ. ಬೀಳಲು ಆ ಮನೆಯಲ್ಲಿ ಏಣಿಯೇ ಇರಲಿಲ್ಲ.

ಮನೆ ಕೆಲವು ವಾರ ತಡವಾಗಿ ಮಾರಾಟವಾಯಿತು. ಅವಳು ಅಲ್ಫರೆಟಾಕ್ಕೆ ಹೋಗಲಿಲ್ಲ. ಅದೇ ಹರ್ನ್‌ಡನ್ನಿನಲ್ಲಿ, ಕೆಲಸಕ್ಕೆ ನಡೆದು ಹೋಗುವಷ್ಟು ದೂರದ ಬಾಡಿಗೆ ಕೋಣೆಯಲ್ಲಿ ಉಳಿದಳು. ವೀಸಾ ಮುಗಿಯುವವರೆಗೆ ನಾನು ಅವಳ ಜೊತೆಗಿದ್ದೆ. ಸಾಮಾನು ಲಾರಿಗೆ ಏರಿಸುವಾಗ ಕೈ ಸಿಕ್ಕಿಕೊಂಡು ಬೆರಳು ಮುರಿಯಿತು ಎಂದು ತಮ್ಮ ಬಳಗಕ್ಕೆ ಹೇಳಿದ. ಅವರು ನಂಬಿದರು, ಈಗಲೂ ನಂಬಿದ್ದಾರೆ.

ಆ ಬಾಡಿಗೆ ಕೋಣೆಗೆ ಅವಳು ತಂದದ್ದು ಒಂದೇ ಪಟ, ಅದೇ ಗಣಪತಿ. ಕುರ್ಚಿಯ ಮೇಲೆ ಹತ್ತಿ ಮೊಳೆ ಹೊಡೆದಳು. ನಾನು ಇದ್ದ ಒಂದೇ ಕೈಯಲ್ಲಿ ಕುರ್ಚಿ ಹಿಡಿದಿದ್ದೆ.

"ಅಕ್ಕಾರ, ಬಾಳ ಮ್ಯಾಲ ಆತೇನ್ರಿ? ಹೂವು ಏರಸಾಕ ನನ್ನ ಕೈ ಎಟಕೂದಿಲ್ಲ."

"ಎಟಕದಿದ್ರ ಬಿಡು," ಎಂದೆ. "ಹಿಂದ ಗ್ವಾಡಿ ಐತಲ್ಲ, ಸಾಕು."